ಮುಳ್ಳಿಲ್ಲದ ತಾಳೆ

ಅಕ್ಟೋಬರಿನ ಒಂದು ಬೆಳಿಗ್ಗೆ ಪುಟ್ಟಬಸಮ್ಮ ಕುಂಡಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದಾಗ ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ಸಸಿ ತೋಟದಲ್ಲಿ ಮುಳ್ಳು ಚುಚ್ಚುವುದು ಹೊಸದೇನಲ್ಲ. ಗುಲಾಬಿಯ ಸಾಲಿಗೆ ಹೋದರೆ ದಿನಕ್ಕೆ ನಾಲ್ಕು ಸಲ ಚುಚ್ಚುತ್ತದೆ. ಆದರೆ ಈಗ ಅವಳ ಕೈಯಿದ್ದದ್ದು ಬಾವಿಕಟ್ಟೆಯ ನೆರಳಿನಲ್ಲಿಟ್ಟಿದ್ದ ಎರಡು ತಾಳೆ ಸಸಿಗಳ ಪೈಕಿ ಒಂದರ ಬುಡದಲ್ಲಿ. ಕುಂಡದ ಕಂಠಕ್ಕೆ ಅವಳೇ ಕಟ್ಟಿದ್ದ ಕೆಂಪು ಬಟ್ಟೆಯ ಚೂರು ಹಾಗೇ ಇತ್ತು. ಕೆಂಪು ಬಟ್ಟೆ ಎಂದರೆ ಊಟಿಯ ಗಿಡ. ಊಟಿಯ ಗಿಡಕ್ಕೆ ಮುಳ್ಳಿರಬಾರದು.

ಅವಳು ಹೊಸ ಎಲೆಯ ದಂಟಿನ ಮೇಲೆ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎಳೆದಳು. ಎರಡು ಅಂಚಿನಲ್ಲೂ ಬೆಕ್ಕಿನ ಉಗುರಿನ ಹಾಗೆ ಬಾಗಿದ ಸಣ್ಣ ಮುಳ್ಳುಗಳು. ಪಕ್ಕದ ಕುಂಡದ ಸಸಿಯನ್ನು ಮುಟ್ಟಿ ನೋಡಿದಳು. ಅದರ ದಂಟು ತರಿತರಿಯಾಗಿತ್ತು, ಅಷ್ಟೇ. ಮುಳ್ಳು ಅಂತ ಒಂದೂ ಇರಲಿಲ್ಲ.

ಇದು ಸಾವಿರದ ಒಂಬೈನೂರ ಅರವತ್ತೆರಡರ ಮಾತು. ಪುಟ್ಟಬಸಮ್ಮ ಮತ್ತು ಅವಳ ಗಂಡ ರುದ್ರಸ್ವಾಮಿ ನಂಜನಗೂಡಿನ ಕಡೆಯ ಒಕ್ಕಲು ಮನೆಯವರು. ಹತ್ತು ವರ್ಷದ ಹಿಂದೆ ಮೈಸೂರಿಗೆ ಬಂದು ಬೋಗಾದಿ ದಾರಿಯಲ್ಲಿ ಬಾವಿಯಿದ್ದ ಅರ್ಧ ಎಕರೆ ಹಿಡಿದು ಸಸಿ ಬೆಳೆಸುವ ಕಸುಬಿಗೆ ಇಳಿದಿದ್ದರು. ಗಿರಾಕಿಗಳ ಜೊತೆ ಮಾತು, ಗಾಡಿ, ಪತ್ರ, ಎಲ್ಲ ರುದ್ರಸ್ವಾಮಿಯದು. ಬೀಜ, ಮಣ್ಣು, ನೀರು ಪುಟ್ಟಬಸಮ್ಮನದು. ಓದು ಬರಹ ಅವಳಿಗೆ ಬರುತ್ತಿರಲಿಲ್ಲ. ಆದರೆ ಅವಳು ಹಾಕಿದ ಬೀಜ ಹುಟ್ಟಲಿಲ್ಲ ಎನ್ನುವ ಮಾತು ಆ ಸುತ್ತಿನಲ್ಲಿ ಇರಲಿಲ್ಲ.

ಎರಡೂವರೆ ವರ್ಷದ ಹಿಂದೆ ಗಿರಿಜಾಂಬಾ ಎನ್ನುವವರು ಅವರ ತೋಟ ಹುಡುಕಿಕೊಂಡು ಬಂದಿದ್ದರು. ಮೈಸೂರಿನ ಅಗ್ರಹಾರದಲ್ಲೇ ಹುಟ್ಟಿ ಬೆಳೆದವರು, ಊಟಿಯಲ್ಲಿ ಹೆಣ್ಣುಮಕ್ಕಳ ಸಣ್ಣ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಕೈಯಲ್ಲಿ ಒಂದು ಬಟ್ಟೆ ಚೀಲ, ಚೀಲದ ತುಂಬ ಕಪ್ಪು ನೀಲಿ ಹಣ್ಣು.

"ಊಟೀಲಿ ಒಂದು ಪಾಳು ಬಂಗಲೆ ಇದೆ. ಅದರ ಹಿತ್ತಲಲ್ಲಿ ಎರಡು ತಾಳೆ ಮರ," ಎಂದು ಅವರು ವಿವರಿಸಿದ್ದರು. "ಹಿಂದೆ ಯಾರೋ ಇಂಗ್ಲಿಷಿನವರು ಚೀನಾ ದೇಶದ ಬೀಜ ತರಿಸಿ ಹಾಕಿದ್ದಂತೆ. ಹುಲ್ಲೆಲ್ಲ ಹಿಮಕ್ಕೆ ಸುಟ್ಟು ಕರಕಲಾದರೂ ಆ ಮರ ಜಗ್ಗೋದಿಲ್ಲ. ಕಾಂಡದ ತುಂಬ ಕಂದು ನಾರು, ಕಂಬಳಿ ಹೊದ್ದ ಹಾಗೆ. ದಂಟಿನಲ್ಲಿ ಮುಳ್ಳಿಲ್ಲ, ಸಣ್ಣ ಗರಗಸದ ಹಾಗೆ ತರಿ ಮಾತ್ರ. ಇದನ್ನ ಅಲ್ಲಿ ಎರಡು ಸಲ ಹಾಕಿದೆ, ಚಳಿಗೆ ಮೊಳಕೆ ಬರದೆ ಕೊಳೆತುಹೋಯಿತು. ಇಲ್ಲಿನ ಸೆಕೆಗೆ ಹುಟ್ಟಿಸಿ ಕೊಡಿ. ಗಿಡ ಆದಮೇಲೆ ಚಳಿಯನ್ನ ಅದೇ ನೋಡಿಕೊಳ್ಳುತ್ತೆ."

ಶಾಲೆಯ ದಾರಿಯ ಎರಡೂ ಬದಿಗೆ ತಾಳೆ ನೆಡಬೇಕೆಂದು ಅವರಿಗೆ ಆಸೆ. ಕಮಿಟಿಯವರು ನಕ್ಕಿದ್ದರಂತೆ, ಊಟಿಯಲ್ಲಿ ತಾಳೆ ಮರವೇ ಎಂದು. "ಒಂದು ಚಳಿಗಾಲ ದಾಟಿದರೆ ಅವರೇ ನಂಬುತ್ತಾರೆ," ಎಂದು ಹೇಳಿ ಹೋಗಿದ್ದರು.

ಪುಟ್ಟಬಸಮ್ಮ ಹಣ್ಣು ಉಜ್ಜಿ ಬೀಜ ತೆಗೆದು ಬಿತ್ತಿದಳು. ಅದೇ ವಾರ ರುದ್ರಸ್ವಾಮಿ ಬೇರೆ ಕಡೆಯಿಂದ ನಮ್ಮ ಬಯಲುಸೀಮೆಯ ತೋಟಗಳಲ್ಲಿ ನೆಡುವ ಬೀಸಣಿಗೆ ತಾಳೆಯ ಬೀಜ ತಂದ. ಅದನ್ನೂ ಪಕ್ಕದ ಸಾಲಿಗೇ ಹಾಕಿದಳು. ಎರಡೂ ಹುಟ್ಟಿದವು. ಹುಟ್ಟಿದಾಗ ಎರಡೂ ಒಂದೇ ಥರ, ರಾಗಿ ಪೈರಿನ ಹಾಗೆ ಉದ್ದನೆಯ ಒಂಟಿ ಎಲೆ. ಸಾಲಿನ ತುದಿಗೆ ರುದ್ರಸ್ವಾಮಿ ಹೆಸರು ಬರೆದು ನೆಟ್ಟಿದ್ದ ಮರದ ಪಟ್ಟಿಗಳೇ ಗುರುತು. ಕುಂಡಕ್ಕೆ ಕಿತ್ತು ಹಾಕಿದ ಮೇಲೂ ಪಟ್ಟಿಗಳನ್ನು ಗುಂಪಿನ ಮುಂದೆ ನೆಟ್ಟಿದ್ದರು. ಹೋದ ವರ್ಷದ ಮಳೆಗಾಲದಲ್ಲಿ ಗೆದ್ದಲು ಆ ಪಟ್ಟಿಗಳನ್ನು ತಿಂದುಹಾಕಿತು. ಅದೇ ಮಳೆಯಲ್ಲಿ ಚಪ್ಪರ ಕುಸಿದು, ಕುಂಡಗಳನ್ನು ಅವಸರದಲ್ಲಿ ಅತ್ತಿಂದಿತ್ತ ಸಾಗಿಸಿದ್ದರು.

ಜೂನ್ ತಿಂಗಳಲ್ಲಿ ಊಟಿಯಿಂದ ಲಾರಿ ಬಂದು ನಿಂತಾಗ ಗುಂಪು ಎರಡಿತ್ತು, ಯಾವುದು ಯಾವುದೆಂದು ಗೊತ್ತಿರಲಿಲ್ಲ. "ನೀನು ಬೆಳೆಸ್ದೋಳು, ನೀನೇ ಹೇಳು," ಎಂದಿದ್ದ ರುದ್ರಸ್ವಾಮಿ. ಒಂದು ಗುಂಪಿನ ಎಲೆ ದಪ್ಪಗೆ, ಹಸಿರಾಗಿ, ಗಟ್ಟಿಮುಟ್ಟಾಗಿ ಕಂಡಿತ್ತು. ಚಳಿ ತಡೆಯುವುದು ಗಟ್ಟಿಮುಟ್ಟಾದದ್ದೇ ಇರಬೇಕು ಎಂದು ಅವಳು ಅದನ್ನು ತೋರಿಸಿದಳು. ಇಪ್ಪತ್ತನಾಲ್ಕು ಸಸಿ ಲಾರಿ ಹತ್ತಿದವು. ಇನ್ನೊಂದು ಗುಂಪಿನ ಇಪ್ಪತ್ತು ಸಸಿ ಆಗಸ್ಟಿನಲ್ಲಿ ಮೇಟಗಳ್ಳಿಯ ಒಂದು ಹೊಸ ಬನೀನು ಕಾರ್ಖಾನೆಗೆ ಹೋದವು. ಗುಂಪಿಗೊಂದರಂತೆ ಎರಡು ಸಸಿ ತೋಟದಲ್ಲಿ ಉಳಿದವು. ಊಟಿಗೆ ಹೋದ ಗುಂಪಿನದಕ್ಕೆ ಅವಳು ಗುರುತಿಗೆಂದು ಕೆಂಪು ಬಟ್ಟೆ ಕಟ್ಟಿದಳು.

ಆ ಎರಡನ್ನೇ ಅವಳು ಈಗ ದಿಟ್ಟಿಸುತ್ತಿದ್ದಳು. ಮುಳ್ಳು ಮಾತ್ರ ನಂಬಿದರೆ ಸಾಲದು ಅನ್ನಿಸಿತು. ಕಡ್ಡಿಯೊಂದನ್ನು ತೆಗೆದುಕೊಂಡು ಎರಡೂ ಕುಂಡದ ಬುಡವನ್ನು ಎರಡು ಬೆರಳಿನಷ್ಟು ಕೆದಕಿದಳು. ಮುಳ್ಳಿನ ಗಿಡದ ಬೇರಿನ ಪಕ್ಕ ಸಿಕ್ಕಿದ ಹಳೆಯ ಬೀಜದ ಚಿಪ್ಪು ಗೋಲಿಯ ಹಾಗೆ ದುಂಡಗಿತ್ತು. ಇನ್ನೊಂದರ ಬುಡದಲ್ಲಿ ಸಿಕ್ಕಿದ್ದು ಗೋಡಂಬಿಯ ಹಾಗೆ ಒಂದು ಬದಿಗೆ ಒಳಸರಿದದ್ದು. ಗಿರಿಜಾಂಬಾ ತಂದಿದ್ದ ಹಣ್ಣು ಉಜ್ಜಿದಾಗ ಅಂಗೈ ತುಂಬ ಇದ್ದದ್ದು ಇದೇ ಬೀಜ. ಇನ್ನು ಅನುಮಾನವಿರಲಿಲ್ಲ. ಬಯಲಿನ ತಾಳೆ ಬೆಟ್ಟ ಹತ್ತಿತ್ತು, ಬೆಟ್ಟದ ತಾಳೆ ಮೇಟಗಳ್ಳಿಯಲ್ಲಿ ನಿಂತಿತ್ತು. ಲಾರಿ ಬಂದ ದಿನ ಎರಡು ಬೆರಳು ಮಣ್ಣು ಕೆದಕಿದ್ದರೆ ಸಾಕಿತ್ತು. ಅದು ಆವತ್ತು ಹೊಳೆಯಲಿಲ್ಲ.

ಎರಡು ಚಿಪ್ಪನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಗಂಡನಿಗೆ ತೋರಿಸಿದಳು. ರುದ್ರಸ್ವಾಮಿ ಎರಡನ್ನೂ ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದ.

"ಈಗೇನು ಮಾಡಾನ ಅಂತೀಯ?" ಎಂದ ಕೊನೆಗೆ.

"ಒಂದು ಕಾಗ್ದ ಬರೀರಿ. ತಪ್ಪಾಗೋಯ್ತು ಅಂತ ಹೇಳಾನ."

"ಬರೆದ್ರೆ ನಾಳೆಯಿಂದ ನಮ್ಮ ಸಸಿ ಯಾರು ತಕ್ಕೊಂಡಾರು? ನೀನು ಸುಮ್ನಿರು ಕಣೇ. ಊಟೀಲಿ ತಾಳೆ ಬರಲ್ಲ ಅಂತ ಅಲ್ಲಿರೋರೆಲ್ಲ ಮೊದ್ಲೇ ಹೇಳವ್ರೆ. ಗಿಡ ಸತ್ರೆ ಚಳಿಗೆ ಸತ್ತೋಯ್ತು ಅಂತಾರೆ. ನಮ್ಮನ್ನ ಯಾರೂ ಕೇಳಕಿಲ್ಲ."

ಅವನು ಹೇಳಿದ್ದು ನಿಜವೇ. ಆ ನಿಜವೇ ಪುಟ್ಟಬಸಮ್ಮನನ್ನು ತಿನ್ನತೊಡಗಿತು. ಯಾರೂ ಕೇಳುವುದಿಲ್ಲ. ಊಟಿಯ ಆ ತಾಯಿ ತಾನೇ ತಪ್ಪು ತಿಳಿದಿದ್ದೆ ಎಂದುಕೊಂಡು, ನಕ್ಕವರ ಮುಂದೆ ತಲೆ ತಗ್ಗಿಸುತ್ತಾರೆ. ಬೈದು ಬರೆಯುವವರಾದರೆ ಬೈಸಿಕೊಂಡು ಹಗುರಾಗಬಹುದಿತ್ತು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಹಾಕಿದ ಕುಂಡಕ್ಕೇ ಮತ್ತೆ ನೀರು ಹಾಕಿದಳು. ಮುದ್ದೆಗೆ ಇಟ್ಟ ಎಸರು ಬತ್ತಿ ತಪ್ಪಲೆ ಕಪ್ಪಾಯಿತು. ಬೆಳಿಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಬಂದು ಹುಲ್ಲಿನ ಮೇಲೆ ಬರಿಗಾಲಿಟ್ಟು ನಿಲ್ಲುತ್ತಿದ್ದಳು. ಇಬ್ಬನಿ ತಣ್ಣಗಿದ್ದರೆ ಇಲ್ಲೇ ಇಷ್ಟಾದರೆ ಮೇಲೆ ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ದೇಶಕ್ಕೂ ಆಗ ನೆಮ್ಮದಿಯ ಕಾಲವಾಗಿರಲಿಲ್ಲ. ಚೀನಾದ ಜೊತೆ ಯುದ್ಧ ನಡೆಯುತ್ತಿತ್ತು, ಹೋಟೆಲಿನ ರೇಡಿಯೋ ಮುಂದೆ ಜನ ಗುಂಪುಗೂಡಿ ನಿಲ್ಲುತ್ತಿದ್ದರು. ಪುಟ್ಟಬಸಮ್ಮ ಆ ಗುಂಪನ್ನು ಬಳಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ಮೂರು ನಾಲ್ಕು ದಿನಕ್ಕೊಮ್ಮೆ ಊಟಿ ಬಸ್ಸಿನ ಕಂಡಕ್ಟರನ್ನು ಹುಡುಕಿ ಕೇಳುತ್ತಿದ್ದಳು.

"ಮ್ಯಾಲೆ ಹಿಮ ಬಿತ್ತಾ ಅಣ್ಣ?"

"ಇನ್ನೂ ಇಲ್ಲ ಕಣಮ್ಮ. ಯಾರಿದ್ದಾರೆ ಅಲ್ಲಿ, ಮಗಳಾ?"

"ಗಿಡ ಅವೆ," ಎನ್ನುತ್ತಿದ್ದಳು. ಅವನು ಅರ್ಥವಾಗದೆ ತಲೆಯಾಡಿಸುತ್ತಿದ್ದ.

ನವೆಂಬರಿನ ಎರಡನೆಯ ವಾರ ಅವನು ಅವಳು ಕೇಳುವ ಮುಂಚೆಯೇ ಹೇಳಿದ. "ನಿನ್ನೆ ಬೆಳಿಗ್ಗೆ ಊಟಿಗೆ ಮುಂಚೆ ಸಿಗೋ ತಲೈಕುಂದದ ಹತ್ರ ಹುಲ್ಲೆಲ್ಲ ಬೆಳ್ಳಗಾಗಿತ್ತು ನೋಡಮ್ಮ. ಈ ಸಲ ಬೇಗ ಬಂತು."

ಪುಟ್ಟಬಸಮ್ಮ ಮನೆಗೆ ಬಂದವಳೇ ಗುದ್ದಲಿ, ಗೋಣಿತಾಟು, ಹಗ್ಗ ಒಟ್ಟು ಮಾಡಿದಳು. "ನಾಳೆ ಮೇಟಗಳ್ಳಿಗೆ ಓಯ್ತೀನಿ. ಆ ಇಪ್ಪತ್ತು ಗಿಡ ಕಿತ್ಕೊಂಡು ಊಟಿಗೆ ಓಯ್ತೀನಿ."

ರುದ್ರಸ್ವಾಮಿ ಬೀಡಿ ಕೆಳಗಿಟ್ಟ. "ಕೊಟ್ಟ ಗಿಡ ವಾಪಸ್ಸು ಕೊಡ್ತಾರಾ ಅವ್ರು?" ಸ್ವಲ್ಪ ತಡೆದು ಹೇಳಿದ. "ಓಗೋದೇ ಆದ್ರೆ ಒಂದು ಮಾತು. ಇದು ಚೀನಾ ದೇಶದ ಗಿಡ ಅಂತ ಅಂದ್ಬುಡು. ಈಗಿನ ಕಾಲದಲ್ಲಿ ಅವ್ರೇ ಕಿತ್ತು ಬಿಸಾಕ್ತಾರೆ. ತಪ್ಪು ಒಪ್ಕೊಳ್ಳೋ ಕೆಲ್ಸಾನೇ ಇರಕಿಲ್ಲ."

ಮರುದಿನ ಕಾರ್ಖಾನೆಯ ಗೇಟಿನಲ್ಲಿ ನಿಂತಾಗಲೂ ಆ ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ಗೇಟಿನಿಂದ ಒಳಗಿದ್ದ ಯಜಮಾನರ ಮನೆಯ ಜಗಲಿಯವರೆಗೆ ಎರಡು ಸಾಲಿನಲ್ಲಿ ಸಸಿಗಳು ನೆಟ್ಟಗೆ ನಿಂತಿದ್ದವು. ಕಾರ್ಖಾನೆಯ ಯಜಮಾನ ಅನಂತಪದ್ಮನಾಭ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಪಕ್ಕದಲ್ಲಿ ಅವರ ವಯಸ್ಸಾದ ತಾಯಿ ಬತ್ತಿ ಹೊಸೆಯುತ್ತಿದ್ದರು. ಪೇಪರಿನ ತುಂಬ ಯುದ್ಧದ ಸುದ್ದಿ. ಒಂದೇ ಮಾತು ಸಾಕಿತ್ತು.

"ಏನಮ್ಮ, ಗಿಡಗಳು ಚೆನ್ನಾಗೇ ಇವೆಯಲ್ಲ. ಏನು ಬಂದೆ?"

"ತಪ್ಪಾಗೋಯ್ತು ಸ್ವಾಮಿ," ಎಂದಳು ಪುಟ್ಟಬಸಮ್ಮ. ಸೆರಗಿನ ಗಂಟು ಬಿಚ್ಚಿ ಎರಡು ಚಿಪ್ಪನ್ನೂ ಜಗಲಿಯ ಮೇಲಿಟ್ಟಳು. ಗೆದ್ದಲು ಪಟ್ಟಿ ತಿಂದದ್ದು, ತಾನು ಅಂದಾಜಿನಲ್ಲಿ ಆರಿಸಿದ್ದು, ಊಟಿಯಲ್ಲಿ ಹಿಮ ಬಿದ್ದದ್ದು, ಒಂದನ್ನೂ ಬಿಡದೆ ಹೇಳಿದಳು.

ಅನಂತಪದ್ಮನಾಭರಿಗೆ ಸಿಟ್ಟು ಬಂತು. "ಜನವರಿಯಲ್ಲಿ ಕಾರ್ಖಾನೆಯ ಪ್ರಾರಂಭೋತ್ಸವ ಇಟ್ಟುಕೊಂಡಿದ್ದೇವೆ. ದೊಡ್ಡ ದೊಡ್ಡವರು ಬರ್ತಾರೆ. ಈಗ ಬಂದು ಗಿಡ ಕೀಳ್ತೀನಿ ಅಂದರೆ ಹೇಗೆ? ತಪ್ಪು ನಿಮ್ಮದು, ನಷ್ಟ ನಮಗಾ?"

"ನಿಮ್ಮ ಮಾತು ಸರಿ ಸ್ವಾಮಿ. ಆದ್ರೆ ಈ ಗಿಡ ಇಲ್ಲಿ ಇನ್ನೊಂದೆರಡು ಬ್ಯಾಸ್ಗೆ ಕಂಡ್ರೆ ಸೊರಗ್ತದೆ. ಇದು ತಂಪಿನ ಗಿಡ. ಆ ಗಿಡ ಅಲ್ಲಿ ಈ ಚಳೀಲೇ ಸಾಯ್ತದೆ."

ಅವರ ತಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು. "ಆ ಚಳೀಲಿ ಬದುಕೋ ತಾಳೆ ಇದೊಂದೇನಾ?"

"ನಂಗೆ ತಿಳಿದಂಗೆ ಇದೊಂದೇ ಅಮ್ಮಾವ್ರೆ."

"ಹಾಗಿದ್ದರೆ ಕೊಟ್ಟುಬಿಡೋ ಅನಂತು. ನಮ್ಮಲ್ಲಿ ಕಡ್ಡಿ ನೆಟ್ಟರೂ ಚಿಗುರುತ್ತೆ. ಅವರಿಗೆ ಅಲ್ಲಿ ಇನ್ನೇನು ಸಿಗಬೇಕು?"

ಅನಂತಪದ್ಮನಾಭ ಪೇಪರನ್ನು ಮಡಚಿದರು, ಮತ್ತೆ ಬಿಚ್ಚಿದರು. ಕೊನೆಗೆ, "ಜನವರಿಯೊಳಗೆ ಈ ಸಾಲು ಖಾಲಿ ಕಾಣಬಾರದು, ತಿಳೀತಾ?" ಎಂದರು.

"ಹದಿನೈದು ದಿನದಲ್ಲಿ ಕ್ರೋಟನ್ನು ತಂದು ತುಂಬುಸ್ತೀನಿ," ಎಂದು ಹೇಳಿ ಅವಳು ಗುದ್ದಲಿ ಎತ್ತಿಕೊಂಡಳು. ಸಾಯಂಕಾಲದ ಹೊತ್ತಿಗೆ ಇಪ್ಪತ್ತೂ ಸಸಿ ಬುಡದ ಹೆಂಟೆಯ ಸಮೇತ ಮೇಲೆ ಬಂದಿದ್ದವು.

ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಎತ್ತಿನ ಗಾಡಿ ಹೊಡೆದುಕೊಂಡು ಬಂದವನು ರುದ್ರಸ್ವಾಮಿಯೇ. ಸಸಿಗಳನ್ನು ಬಸ್ಸಿನ ಮೇಲೆ ಏರಿಸುವಾಗ ಅವಳು ಬಿಗಿದ ಹಗ್ಗದ ಗಂಟುಗಳನ್ನೆಲ್ಲ ಬಿಚ್ಚಿ, ಒಂದೊಂದಕ್ಕೂ ಒದ್ದೆ ಗೋಣಿ ಸುತ್ತಿ, ತಾನೇ ಮತ್ತೆ ಬಿಗಿದ. ಬಸ್ಸು ಹೊರಡುವಾಗ ಕಿಟಕಿಯಿಂದ ಕಂಬಳಿಯೊಂದನ್ನು ಒಳಗೆ ತುರುಕಿ, "ಕಿವಿ ಮುಚ್ಕೊ," ಎಂದ.

ಪುಟ್ಟಬಸಮ್ಮ ಅದುವರೆಗೆ ಒಬ್ಬಳೇ ನಂಜನಗೂಡಿಗೂ ಹೋದವಳಲ್ಲ. ಗುಂಡ್ಲುಪೇಟೆ ದಾಟಿತು, ಬಂಡೀಪುರದ ಕಾಡು ದಾಟಿತು, ಗೂಡಲೂರಿನಿಂದ ಬಸ್ಸು ಏದುಸಿರು ಬಿಡುತ್ತ ಬೆಟ್ಟ ಹತ್ತತೊಡಗಿತು. ಪ್ರತಿ ತಿರುವಿಗೂ ಅವಳು ಕತ್ತು ಹೊರಗೆ ಹಾಕಿ ಬಸ್ಸಿನ ತಲೆಯ ಮೇಲೆ ನೋಡಲು ಹವಣಿಸುತ್ತಿದ್ದಳು. ಪಕ್ಕದಲ್ಲಿ ಕೂತವರು ಗದರಿದರೂ ಬಿಡಲಿಲ್ಲ. ಎಲೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುವ ಸದ್ದು ಕೇಳಿದರೆ ಒಂದು ಗಳಿಗೆ ಸಮಾಧಾನ.

ಊಟಿ ತಲುಪಿದಾಗ ಮಧ್ಯಾಹ್ನ ಮೂರು. ಸಸಿಗಳನ್ನು ಕೈಗಾಡಿಗೆ ಹೇರಿಸಿಕೊಂಡು ಹೋದವಳಿಗೆ ಶಾಲೆಯ ಗೇಟಿನಲ್ಲೇ ಎಲ್ಲ ಗೊತ್ತಾಯಿತು. ದಾರಿಯ ಕೆಳತುದಿಯ ತಗ್ಗಿನಲ್ಲಿದ್ದ ಸಸಿಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಅವಳು ಒಂದರ ನಡುಸುಳಿಯನ್ನು ಹಿಡಿದು ಮೆಲ್ಲಗೆ ಎಳೆದಳು. ಸುಳಿ ಕೈಗೇ ಬಂತು, ಬುಡದಲ್ಲಿ ಕೊಳೆತ ವಾಸನೆ. ಸುಳಿ ಬಂದ ತಾಳೆ ಮತ್ತೆ ಏಳುವುದಿಲ್ಲ. ಹೀಗೆ ಎಳೆಯುತ್ತ ಎಳೆಯುತ್ತ ಹದಿನೈದು ಎಣಿಸುವಾಗ ಹಿಂದೆ ಹೆಜ್ಜೆ ಸಪ್ಪಳವಾಯಿತು. ಗಿರಿಜಾಂಬಾ ಶಾಲು ಹೊದ್ದು ನಿಂತಿದ್ದರು.

"ಇಷ್ಟು ದೂರ ಬಂದೆಯಾ? ನೋಡು, ಆಸೆ ಹೀಗಾಯಿತು. ಕಮಿಟಿಯವರು ಹೇಳಿದ್ದೇ ಸರಿ. ನನ್ನದೇ ತಪ್ಪು ಎಂದು ನಿನ್ನೆ ತಾನೇ ಅವರಿಗೆ ಬರೆದು ಕೊಟ್ಟೆ."

"ನಿಮ್ಮದಲ್ಲ ಅಮ್ಮಾವ್ರೆ," ಎಂದಳು ಪುಟ್ಟಬಸಮ್ಮ. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆಂದು ಅವಳು ಅಂದುಕೊಂಡಿದ್ದಳು. ಆಗಲಿಲ್ಲ. ಆದರೂ ಚಿಪ್ಪುಗಳನ್ನು ಕೈಗಿಟ್ಟು ಪೂರ್ತಿ ಹೇಳಿದಳು.

ಗಿರಿಜಾಂಬಾ ಗೋಡಂಬಿಯಂತಿದ್ದ ಚಿಪ್ಪನ್ನು ಎರಡು ಬೆರಳ ನಡುವೆ ಹಿಡಿದು ತಿರುಗಿಸಿದರು. "ದಂಟಿನಲ್ಲಿ ಮುಳ್ಳು ಕಂಡಿದ್ದೆ. ಚಿಕ್ಕ ಗಿಡಕ್ಕೆ ಇರಬಹುದು ಅಂತ ನಾನೇ ಸಮಾಧಾನ ಮಾಡಿಕೊಂಡೆ." ಆಮೇಲೆ ಅವರ ದನಿ ಗಡುಸಾಯಿತು. "ನಿನಗೆ ಯಾವತ್ತು ಗೊತ್ತಾಯಿತು?"

"ಒಂದು ತಿಂಗಳಾಯ್ತು."

"ಒಂದು ತಿಂಗಳು. ಆಗಲೇ ಒಂದು ಗೆರೆ ಬರೆಸಿದ್ದರೆ ನಾನು ಆ ಕಾಗದ ಬರೆದು ಕೊಡುತ್ತಿರಲಿಲ್ಲ. ನಾಲ್ಕು ವರ್ಷ ಅವರ ಹತ್ತಿರ ವಾದ ಮಾಡಿದ್ದೆ."

ಪುಟ್ಟಬಸಮ್ಮ ಗಂಡನ ಹೆಸರೆತ್ತಲಿಲ್ಲ. "ಔದು," ಎಂದಳು ಅಷ್ಟೇ.

ಗಿರಿಜಾಂಬಾ ಕೂತುಕೊ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಗೋಣಿ ಸುತ್ತಿದ ಸಸಿಗಳ ಹತ್ತಿರ ಹೋಗಿ ಒಂದೊಂದರ ದಂಟನ್ನೂ ಬೆರಳಿನಿಂದ ಸವರಿ ನೋಡಿದರು. ಇಪ್ಪತ್ತನೆಯದನ್ನೂ ನೋಡಿ ಮುಗಿಸಿ, "ಸತ್ತದ್ದನ್ನ ಕೀಳು. ತಗ್ಗಿನಲ್ಲಿ ಚಳಿಗಾಳಿ ಬಂದು ನಿಲ್ಲುತ್ತೆ, ಅಲ್ಲೇ ಮೊದಲು ನೆಡು. ಬದುಕಿದರೆ ಅಲ್ಲೇ ಬದುಕಬೇಕು," ಎಂದರು.

ಎರಡು ದಿನ ಅವಳು ಗುಂಡಿ ತೋಡಿದಳು. ಆ ಕಪ್ಪು ಮಣ್ಣು ಅವಳ ಕೈಗೆ ಹೊಸದು, ಹಿಡಿದರೆ ಹಿಟ್ಟಿನ ಹಾಗೆ ತಣ್ಣಗೆ ಉದುರುತ್ತಿತ್ತು. ಗಿರಿಜಾಂಬಾ ಪಾಠ ಮುಗಿಸಿ ಬಂದು ಸೆರಗು ಸಿಕ್ಕಿಸಿ ನೀರು ಹೊತ್ತು ಹಾಕಿದರು. ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ರಾತ್ರಿ ಉಂಡದ್ದು ಒಂದೇ ಅಡುಗೆಮನೆಯಲ್ಲಿ, ಒಂದೇ ಒಲೆಯ ಮುಂದೆ. ಅಲ್ಲೂ ಹಾಗೆಯೇ.

ಮೂರನೆಯ ಬೆಳಗ್ಗೆ ಪುಟ್ಟಬಸಮ್ಮ ಬಾಗಿಲು ತೆಗೆದಾಗ ಅಂಗಳವೆಲ್ಲ ಸುಣ್ಣ ಚೆಲ್ಲಿದ ಹಾಗಿತ್ತು. ಹುಲ್ಲು ಕಾಲ ಕೆಳಗೆ ಕರಕರ ಮುರಿಯಿತು. ಅವಳು ಗೋಣಿತಾಟುಗಳನ್ನು ಬಾಚಿಕೊಂಡು ತಗ್ಗಿಗೆ ಓಡಿದಳು. ಸಸಿಗಳ ಬೀಸಣಿಗೆಯಂಥ ಎಲೆಗಳ ಮೇಲೆ ಮಡಿಕೆ ಮಡಿಕೆಗೂ ಹಿಮ ಕೂತಿತ್ತು. ಮೊದಲನೆಯದಕ್ಕೆ ಗೋಣಿ ಹೊದಿಸಲು ಬಗ್ಗಿದಾಗ ಗಿರಿಜಾಂಬಾ ಅವಳ ಕೈ ಹಿಡಿದರು.

"ಬೇಡ. ಮುಚ್ಚಿದರೆ ಗೊತ್ತಾಗೋದು ಹೇಗೆ?"

"ಈಗ ತಾನೇ ನೆಟ್ಟದ್ದು ಅಮ್ಮಾವ್ರೆ, ಬೇರು ಕಚ್ಚಿಲ್ಲ. ಸತ್ತೋದ್ರೆ?"

"ಸತ್ತರೆ ಸರಿಯಾದ ಗಿಡವೇ ಚಳಿಗೆ ಸತ್ತದ್ದು ಅಂತ ಗೊತ್ತಾಗುತ್ತೆ. ಈ ಸಲ ಅಷ್ಟಾದರೂ ಗೊತ್ತಾಗಲಿ."

ಇಬ್ಬರೂ ಒಂದೇ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು ನಿಂತರು. ಎದುರಿನ ಗುಡ್ಡದ ಮೇಲೆ ಬಿಸಿಲು ಇಂಚಿಂಚಾಗಿ ಇಳಿಯಿತು. ತಗ್ಗಿಗೆ ಬರುವಾಗ ಒಂಬತ್ತು ಗಂಟೆ ದಾಟಿತ್ತು. ಹಿಮ ಕರಗಿ ಎಲೆಯ ತುದಿಯಿಂದ ತೊಟ್ಟಿಕ್ಕಿತು, ಕೆಳಗಿನ ಎಲೆ ಹಸಿರಾಗೇ ಇತ್ತು. ಪುಟ್ಟಬಸಮ್ಮ ಇಪ್ಪತ್ತು ಸಸಿಯ ಸುಳಿಯನ್ನೂ ಒಂದೊಂದಾಗಿ ಎಳೆದು ನೋಡಿದಳು. ಒಂದೂ ಬರಲಿಲ್ಲ. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಗಟ್ಟಿ ಗಿಡಕ್ಕೆ ಹಿಮದ ಪೆಟ್ಟು ಒಳಗೆ ಬಿದ್ದಿದ್ದರೆ ಮೇಲೆ ಕಾಣಲು ವಾರಗಳೇ ಬೇಕು. ಮಧ್ಯಾಹ್ನದ ಬಸ್ಸಿನಲ್ಲಿ ಬೆಟ್ಟ ಇಳಿಯುವಾಗಲೂ ಅವಳ ಬೆರಳುಗಳು ಮಡಿಲಲ್ಲಿ ಏನನ್ನೋ ಎಳೆಯುತ್ತಲೇ ಇದ್ದವು.

ಡಿಸೆಂಬರ್ ಹೋಯಿತು. ಮೇಟಗಳ್ಳಿಯ ಸಾಲಿಗೆ ಮಾತಿನಂತೆ ಕ್ರೋಟನ್ನು ತುಂಬಿದಳು. ಜನವರಿ ಹೋಯಿತು. ಅಂಚೆಯವನು ಬೋಗಾದಿ ದಾರಿಯಲ್ಲಿ ಸೈಕಲ್ ಹೊಡೆದುಕೊಂಡು ಹೋದಾಗಲೆಲ್ಲ ಅವಳು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. ರುದ್ರಸ್ವಾಮಿ ಅದನ್ನು ನೋಡಿಯೂ ನೋಡದವನಂತೆ ಇದ್ದ. ಒಂದು ದಿನ ಮಾತ್ರ ಅವನೇ ಅಂಚೆಯವನನ್ನು ನಿಲ್ಲಿಸಿ ಏನೋ ಕೇಳುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು.

ಕಾಗದ ಬಂದದ್ದು ಮಾರ್ಚಿನಲ್ಲಿ. ಪುಟ್ಟಬಸಮ್ಮ ಕೈಯ ಮಣ್ಣು ತೊಳೆದು ಬಂದು ಗಂಡನ ಎದುರು ನಿಂತಳು. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಇಪ್ಪತ್ತರಲ್ಲಿ ಹದಿನೇಳು ಬದುಕಿವೆ. ಎರಡು ಬೇರು ಹಿಡಿಯದೆ ಹೋದವು, ಒಂದನ್ನು ಹಸು ತಿಂದಿತು. ಉಳಿದದ್ದಕ್ಕೆ ಹೊಸ ಸುಳಿ ಬಂದಿದೆ. ಕಮಿಟಿಯವರು ಬಂದು ನೋಡಿದರು, ನೋಡಿ ಏನೂ ಹೇಳಲಿಲ್ಲ. ನನಗೆ ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಪಾಳು ಬಂಗಲೆಯ ಮರದಲ್ಲಿ ಈ ವರ್ಷ ಗೊನೆ ಬಿಟ್ಟಿದೆ. ಹಣ್ಣು ಬಲಿತಾಗ ಬರೆಯುತ್ತೇನೆ. ಯಾರ ಕೈಯಲ್ಲೂ ಕಳಿಸುವುದಿಲ್ಲ, ಪುಟ್ಟಬಸಮ್ಮನೇ ಬಂದು ಕೊಯ್ದುಕೊಂಡು ಹೋಗಲಿ.

ರುದ್ರಸ್ವಾಮಿ ಕಾಗದವನ್ನು ಮಡಚಿದ. "ಮರ ಎತ್ತರ ಎಷ್ಟದಂತೆ?" ಎಂದು ಕೇಳಿದ.

"ಎರಡಾಳು ಅಂತಿದ್ರು."

"ಅಂಗಾದ್ರೆ ಏಣಿ ಇಡ್ಕೊಳ್ಳೋಕೆ ಒಬ್ರು ಬೇಕು," ಎಂದ ಅವನು. ಆಮೇಲೆ ಎದ್ದು, ಬೆನ್ನು ತಿರುಗಿಸಿಕೊಂಡು, ಬಾವಿಯಿಂದ ನೀರು ಸೇದತೊಡಗಿದ.